ಹಳದಿ ಚೀಟಿಯ ಪ್ರಶ್ನೆ

ಸಾವಿರದ ನೂರು ಎಂ.ಎಲ್.

ಫೈಲಮ್ಮ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಓದಿದಳು. ಅಂಕಿ ಬದಲಾಗಲಿಲ್ಲ. ಸೋಮವಾರ ಬೆಳಿಗ್ಗೆ ಒಂಬತ್ತೂ ಐವತ್ತಕ್ಕೆ ರೋಗಿಗೆ ಮೂತ್ರದ ನಳಿಗೆ ಹಾಕಿದಾಗ ಒಂದೇ ಸಲಕ್ಕೆ ಹೊರಬಂದದ್ದು ಸಾವಿರದ ನೂರು ಎಂ.ಎಲ್. ಕ್ಯಾಶುಯಾಲ್ಟಿಯ ನರ್ಸ್ ಅದನ್ನು ಬರೆದು ಕೆಳಗೊಂದು ಗೆರೆಯನ್ನೂ ಎಳೆದಿದ್ದಳು. ಆಮೇಲೆ ಅದನ್ನು ಯಾರೂ ಓದಿದ ಹಾಗಿರಲಿಲ್ಲ.

ಹಿಂದಿನ ಪುಟದಲ್ಲಿ ಡಾಕ್ಟರು ಬೇರೆಯೇ ಬರೆದಿದ್ದರು. 'ಬೆಳಿಗ್ಗೆ ಎಂಟರಿಂದ ಒಂಬತ್ತರ ನಡುವೆ, ಮನೆಯಲ್ಲಿ ಯಾರೂ ಇಲ್ಲದಾಗ, ತಾನೇ ಏನೋ ನುಂಗಿದ್ದಾಳೆ. ಮಾಹಿತಿ ಕೊಟ್ಟವರು: ಅಕ್ಕ.'

ಒಂದು ಗಂಟೆಯಲ್ಲಿ ಯಾರ ಮೂತ್ರಕೋಶವೂ ಅಷ್ಟು ತುಂಬುವುದಿಲ್ಲ. ತುಂಬಬೇಕಾದರೆ ಹಿಂದಿನ ಸಂಜೆಯಿಂದಲೇ ಕಟ್ಟಿರಬೇಕು. ರೋಗಿಯ ರಕ್ತದಲ್ಲಿ ಸಿಕ್ಕಿದ್ದು ಖಿನ್ನತೆಗೆ ಕೊಡುವ ಹಳೇ ಕಾಲದ ಮಾತ್ರೆ. ಬಾಯಿ ಒಣಗಿಸುವುದು, ಕಣ್ಣು ಮಂಜು ಮಾಡುವುದು, ಮೂತ್ರ ಕಟ್ಟಿಸುವುದು, ಹೆಚ್ಚಾದರೆ ಹೃದಯಕ್ಕೇ ಕೈ ಹಾಕುವುದು ಅದರ ಗುಣ. ಅಂದರೆ ಔಷಧಿ ಭಾನುವಾರ ಸಂಜೆಯೇ ಹೊಟ್ಟೆ ಸೇರಿತ್ತು. ಆಗ ಮನೆಯಲ್ಲಿ ಎಲ್ಲರೂ ಇದ್ದರು.

ಫೈಲಮ್ಮ ಗೋಡೆಯ ಗಡಿಯಾರ ನೋಡಿದಳು. ಗುರುವಾರ, ಹತ್ತೂವರೆ. ರೋಗಿಯನ್ನು ಸಂಜೆ ನಾಲ್ಕರೊಳಗೆ ಮನೆಗೆ ಕಳಿಸುವುದಿತ್ತು. ಅದೇ ಮನೆಗೆ.

'ಇನ್ನು ಐದು ತಿಂಗಳು ರಿಟೈರ್ ಆಗೋಕೆ. ನನ್ನ ಕಣ್ಣಿಗೇ ಬೀಳಬೇಕಿತ್ತಾ ಇದು?' ಎಂದು ತನಗೆ ತಾನೇ ಗೊಣಗಿಕೊಂಡಳು.

* * *

ಫೈಲಮ್ಮ ಎನ್ನುವುದು ಆಸ್ಪತ್ರೆ ಇಟ್ಟ ಹೆಸರು. ನಿಜವಾದದ್ದು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಮೂವತ್ತಮೂರು ವರ್ಷ ನೆಲಮಾಳಿಗೆಯ ರೆಕಾರ್ಡ್ ರೂಮಿನಲ್ಲಿ ಕೂತು ಕೂತು ಮೊಣಕಾಲು ಸವೆದಿತ್ತು. ಮೇಲಿನ ಐದು ಮಹಡಿಯಲ್ಲಿ ಯಾರಿಗೆ ಏನೇ ಆಗಲಿ, ಕೊನೆಗೆ ಅದು ಕಾಗದವಾಗಿ ಅವಳ ಮೇಜಿಗೆ ಇಳಿಯುತ್ತಿತ್ತು. ಅವಳು ಅದನ್ನು ಓದಿ, ದಪ್ಪ ಪುಸ್ತಕ ತೆಗೆದು, ಕಾಯಿಲೆಗೆ ಒಂದು ಕೋಡ್ ಕೊಡುತ್ತಿದ್ದಳು. ಕೋಡ್ ಬೀಳದೆ ಡಿಸ್ಚಾರ್ಜ್ ಕಾಗದ ಪ್ರಿಂಟ್ ಆಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಅವಳಿಗಿದ್ದ ಅಧಿಕಾರ ಅಷ್ಟೇ.

ವಿಷದ ಕೋಡ್‌ಗಳಲ್ಲಿ ಒಂದು ಅಂಕಿ ಬೇರೆ ಥರದ್ದು. ಯಾವ ಔಷಧಿ ಎನ್ನುವುದಾದ ಮೇಲೆ ಹೇಗೆ ಎಂದು ಹೇಳುವ ಅಂಕಿ ಅದು. ಒಂದು ಎಂದರೆ ಅರಿಯದೆ. ಎರಡು ಎಂದರೆ ತಾನಾಗಿ. ಮೂರು ಎಂದರೆ ಬೇರೆಯವರ ಕೈಯಿಂದ. ನಾಲ್ಕು, ಗೊತ್ತಾಗಲಿಲ್ಲ. ಈ ಫೈಲಿಗೆ ಸೋಮವಾರವೇ ತಾತ್ಕಾಲಿಕ ಕೋಡ್ ಕೂತಿತ್ತು. ಔಷಧಿಯ ಗುಂಪು ಸರಿ, ಅಂಕಿ ಎರಡು. ಎಲ್ಲ ಚೊಕ್ಕ. ಫೈಲಮ್ಮ ಮಂಡಿ ನೋವೆಂದು ಸೋಮವಾರದಿಂದ ಮೂರು ದಿನ ರಜೆಯಲ್ಲಿದ್ದಳು. ಈಗ ಒಂದು ಗುಂಡಿ ಒತ್ತಿ ಅದನ್ನೇ ಕಾಯಂ ಮಾಡಿದರೆ ಅವಳ ಕೆಲಸ ಮುಗಿಯುತ್ತಿತ್ತು.

ಒತ್ತಲು ಕೈ ಬರಲಿಲ್ಲ.

ಬಾಗಿಲು ಸರಿಯಿತು. ಪಕ್ಕದ ಮೇಜಿನ ಚೊಕ್ಕಿ. ರಜೆಯಲ್ಲಿದ್ದರೂ ಬಂದಿದ್ದಳು. ರೋಗಿ ಅವಳ ತಂಗಿ.

ಇಪ್ಪತ್ತೆರಡು ವರ್ಷ ಅಕ್ಕಪಕ್ಕ ಕೂತವರು. ಅವಳ ಮೇಜಿನ ಮೇಲೆ ಪೆನ್ನುಗಳು ಉದ್ದದ ಪ್ರಕಾರ ಮಲಗಿರುತ್ತಿದ್ದವು. ಅರ್ಧ ಮುಗಿದ ಫೈಲು ಅವಳ ಕಣ್ಣಿಗೆ ಬಿದ್ದ ಧೂಳಿದ್ದಂತೆ, ತೆಗೆಯುವವರೆಗೆ ಸಮಾಧಾನವಿಲ್ಲ. ಅದಕ್ಕೇ ಚೊಕ್ಕಿ. ಬಲಗೈ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು. ವರ್ಷಗಟ್ಟಲೆ ಟೈಪ್ ಮಾಡಿ ನರ ನೋಯುತ್ತಿತ್ತು.

"ಫೈಲಮ್ಮಾ, ಕಾಗದ ಆಯ್ತಾ? ನಾಲ್ಕಕ್ಕೆ ತಂಗಿ ಮಗೂದು ಸ್ಕೂಲ್ ಬಿಡುತ್ತೆ. ಅಷ್ಟರೊಳಗೆ ಇವಳನ್ನ ಮನೆಗೆ ಸೇರಿಸಿದ್ರೆ ಸಾಕಾಗಿದೆ."

"ನೋಡ್ತಿದ್ದೀನಿ ಕಣೇ. ಊಟ ಮಾಡಿದ್ಯಾ?"

"ಊಟ ಎಲ್ಲಿ? ನಾಲ್ಕು ದಿನದಿಂದ ಕಣ್ಣು ಮುಚ್ಚಿಲ್ಲ." ಅವಳ ಕಣ್ಣು ಊದಿತ್ತು. "ಅವಳು ಇನ್ನೂ ನುಂಗಿಲ್ಲ ಅಂತಾನೇ ಹೇಳ್ತಾಳೆ. ನಾನೇನು ಜಗಳ ಆಡಲಿ?"

ಫೈಲಮ್ಮ ಎದ್ದಳು. ಹೋಗಿ ಒಂದು ಲೋಟ ಟೀ ತಂದುಕೊಟ್ಟಳು. ಮೂತ್ರದ ಲೆಕ್ಕದ ಬಗ್ಗೆ ಬಾಯಿ ಬಿಡಲಿಲ್ಲ.

* * *

ಮೂರನೇ ಮಹಡಿ. ಲಿಫ್ಟ್ ಕೆಟ್ಟಿತ್ತು. ಪ್ರತಿ ಮೆಟ್ಟಿಲಿಗೂ ಮಂಡಿಯನ್ನು ಬೈಯುತ್ತ ಹತ್ತಿದಳು.

ರೋಗಿ ಕಿಟಕಿ ಪಕ್ಕದ ಮಂಚದಲ್ಲಿದ್ದಳು. ಮೂವತ್ತನಾಲ್ಕು ವರ್ಷ. ತುಟಿ ಇನ್ನೂ ಒಡೆದಿತ್ತು. ಕೈಯಲ್ಲಿ ಸೂಜಿ ಚುಚ್ಚಿದ ನೀಲಿ ಕಲೆಗಳು.

"ನೀವು ಅಕ್ಕನ ಆಫೀಸಿನವರಲ್ವಾ? ನೀವಾದ್ರೂ ನಂಬಿ. ನಾನು ಏನೂ ನುಂಗಿಲ್ಲ."

"ನಂಬೋದು ನನ್ನ ಕೆಲಸ ಅಲ್ಲಮ್ಮ. ಓದೋದು ನನ್ನ ಕೆಲಸ. ಭಾನುವಾರ ಸಂಜೆ ಏನೇನಾಯ್ತು, ಹೇಳು."

"ಮಗುವಿನ ಅಪ್ಪ ಬಂದಿದ್ರು. ನಾವು ಬೇರೆ ಆಗಿ ಮೂರು ವರ್ಷ. ಮಗೂನ ನೋಡೋಕೆ ಬಂದ್ರು. ಬಿಸ್ಕತ್ತು ತಂದಿದ್ರು. ಅಕ್ಕ ಎಲ್ಲರಿಗೂ ಕಾಫಿ ಕೊಟ್ಲು. ಅವರು ಹೋದ ಮೇಲೆ ನನಗೆ ತಲೆ ಭಾರ ಆಯ್ತು, ಮಲಗಿದೆ. ಬೆಳಿಗ್ಗೆ ಎದ್ದೆ, ಕಾಲು ನಿಲ್ತಿರಲಿಲ್ಲ. ಅಕ್ಕ ಮತ್ತೆ ಕಾಫಿ ಕೊಟ್ಟು ಮಗೂನ ಸ್ಕೂಲಿಗೆ ಬಿಡೋಕೆ ಹೋದ್ಲು. ಅಷ್ಟೇ ನೆನಪು."

"ಭಾನುವಾರ ಸಂಜೆ ಆದ್ಮೇಲೆ ಬಾತ್‌ರೂಮಿಗೆ ಹೋದ್ಯಾ?"

ಅವಳು ನಾಚಿಕೊಂಡಳು. "ಹೋದೆ. ಆಗ್ಲಿಲ್ಲ. ಎರಡು ತಿಂಗಳಿಂದ ಅದೊಂದು ಗೋಳು. ಬಾಯಿ ಒಣಗುತ್ತೆ, ಅಕ್ಷರ ಎರಡೆರಡು ಕಾಣುತ್ತೆ. ಒಂದು ಸಲ ಅಂಗಡೀಲಿ ಬಿದ್ದೂ ಬಿಟ್ಟೆ. ಇಲ್ಲೇ ತೋರಿಸಿದ್ವಿ, ಮೂರು ಸಲ. ಒಂದೊಂದು ಸಲ ಒಂದೊಂದು ಡಾಕ್ಟರು."

"ಕಾಫಿ ರುಚಿ?"

"ಕಹಿ. ಈಚೆಗೆ ಕುಡಿದ್ರೆ ನಾಲಿಗೆ ಜೋಮು ಹಿಡಿಯುತ್ತೆ. ಹೊಸ ಪುಡಿ ಅಂದ್ಲು ಅಕ್ಕ." ಅವಳು ಫೈಲಮ್ಮನ ಕೈ ಹಿಡಿದುಕೊಂಡಳು. "ಬರೋ ಸೋಮವಾರ ನಾನು ಹೊಸ ಕೆಲಸಕ್ಕೆ ಸೇರಬೇಕು, ಬೇರೆ ಊರಲ್ಲಿ. ಮಗೂನೂ ಕರ್ಕೊಂಡು ಹೋಗ್ತೀನಿ. ಆತ್ಮಹತ್ಯೆ ಮಾಡ್ಕೊಳೋಕೆ ಹೋಗಿದ್ಲು ಅಂತ ಕಾಗದದಲ್ಲಿ ಬಂದ್ರೆ ಮೆಡಿಕಲ್ ಟೆಸ್ಟಲ್ಲೇ ಬೇಡ ಅಂತಾರೆ. ಆಮೇಲೆ ನನ್ನ ಹತ್ರ ಮಗೂನ ಬಿಡ್ತಾರಾ?"

ಫೈಲಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡಳು. ಕೆಳಗಿಳಿಯುವಾಗ ಮಂಡಿಯನ್ನು ಬೈಯುವುದನ್ನೂ ಮರೆತಳು.

* * *

"ಹಾಗಾದ್ರೆ ಮಾಜಿ ಗಂಡ," ಫೈಲಮ್ಮ ಹೇಳಿದ್ದೆಲ್ಲ ಕೇಳಿ ಎಂದ, ವಿಷದ ಕೇಸು ನೋಡುತ್ತಿದ್ದ ಸಬ್ ಇನ್ಸ್‌ಪೆಕ್ಟರ್. ಕ್ಯಾಂಟೀನಿನ ಮೂಲೆಯ ಮೇಜು. ಅವನೆದುರಿಗೆ ಆರಿದ ಟೀ. ನಾಲ್ಕು ಗಂಟೆಯೊಳಗೆ ಕೇಸು ಮುಚ್ಚಿ ಮಗನ ಜ್ವರ ನೋಡಲು ಮನೆಗೆ ಹೋಗುವ ಆಸೆ ಅವನಿಗೆ. "ಬಿಸ್ಕತ್ತಿನಲ್ಲಿ ಬೆರೆಸಿರಬೇಕು."

"ಬಿಸ್ಕತ್ತು ಮಗೂನೂ ತಿಂದಿದೆ ಸ್ವಾಮಿ. ಮಗು ಚೆನ್ನಾಗಿದೆ."

"ಹಾಗಾದ್ರೆ ಕಾಫಿಗೆ."

"ಮಾತ್ರೆಯ ಖಾಲಿ ಪಟ್ಟಿ ಸಿಕ್ತು ಅಂತ ಫೈಲಿನಲ್ಲಿದೆ. ಎಲ್ಲಿ ಸಿಕ್ತು?"

"ಅಕ್ಕ ತಂದುಕೊಟ್ರು. ಸೋಮವಾರ ಸಂಜೆ ಐದಕ್ಕೆ ಬಟ್ಟೆ ತರೋಕೆ ಮನೆಗೆ ಹೋದಾಗ ತಂಗಿ ದಿಂಬಿನ ಕೆಳಗೆ ಸಿಕ್ತಂತೆ. ಅಕ್ಕನದೇ ಮಾತ್ರೆ, ಕೈ ನರದ ನೋವಿಗೆ ಕೊಟ್ಟಿದ್ದು. ಡ್ರಾಯರಿನಿಂದ ತಂಗಿ ಕದ್ದಿರಬೇಕು ಅಂದ್ರು. ಬರೆಸಿಕೊಂಡಿದ್ದೀನಿ."

ಮಾತ್ರೆ ಖಿನ್ನತೆಯದೇ ಆದರೂ, ಕಡಿಮೆ ಪ್ರಮಾಣದಲ್ಲಿ ನರದ ನೋವಿಗೂ ಕೊಡುತ್ತಾರೆ. ಚೊಕ್ಕಿ ರಾತ್ರಿ ಒಂದು ನುಂಗುತ್ತಾಳೆ ಎನ್ನುವುದು ಫೈಲಮ್ಮನಿಗೂ ಗೊತ್ತಿತ್ತು.

"ಆ ಗಂಡ ಎಷ್ಟು ದಿನದಿಂದ ಈ ಊರಲ್ಲಿದ್ದಾನೆ, ಅಷ್ಟು ಕೇಳಿ ಹೇಳಿ," ಎಂದಳು.

ಅವನು ನಿಟ್ಟುಸಿರು ಬಿಟ್ಟು ಫೋನ್ ತೆಗೆದ. ಐದು ನಿಮಿಷ ಮಾತಾಡಿದ. ಮುಖ ಇಳಿಯಿತು.

"ಹಡಗಿನಲ್ಲಿ ಕೆಲಸ. ಐದು ತಿಂಗಳು ನೀರಿನ ಮೇಲಿದ್ದ. ದಡಕ್ಕೆ ಇಳಿದಿದ್ದೇ ಶನಿವಾರ."

"ಇವಳಿಗೆ ಎರಡು ತಿಂಗಳಿಂದ ಹೀಗಾಗ್ತಿದೆ. ಅವನಲ್ಲ ಬಿಡಿ."

"ಹಾಗಾದ್ರೆ ಅವಳೇ ದಿನಾ ಸ್ವಲ್ಪ ಸ್ವಲ್ಪ ತಗೊಂಡು, ಕೊನೆಗೆ ಒಂದೇ ಸಲ ತಗೊಂಡಿರಬೇಕು. ಇದಾದ್ರೂ ಆಗಬಹುದಲ್ಲ ಅಮ್ಮಾ?"

ಆಗಬಹುದಿತ್ತು. ಹಾಗೇ ಆಗಿರಲಿ ಎಂದು ಫೈಲಮ್ಮನ ಮನಸ್ಸೂ ಬೇಡಿಕೊಳ್ಳುತ್ತಿತ್ತು. ಯಾಕೆಂದರೆ ಆ ಮನೆಯಲ್ಲಿ ದೊಡ್ಡವರು ಇದ್ದದ್ದು ಇಬ್ಬರೇ.

* * *

ಹಳೇ ಫೈಲುಗಳು ಹದಿನೇಳನೇ ಕಪಾಟಿನಲ್ಲಿದ್ದವು. ಮೂರು ಭೇಟಿ. ಕಣ್ಣಿನವರು 'ದೃಷ್ಟಿ ಮಂಜು' ಎಂದು ಬರೆದಿದ್ದರು. ತಲೆ ತಿರುಗಿ ಬಿದ್ದಾಗ ನೋಡಿದವರು 'ನಿಶ್ಶಕ್ತಿ'. ಮೂತ್ರದವರು 'ಮೂತ್ರ ಕಟ್ಟುವಿಕೆ, ಕಾರಣ ತಿಳಿದಿಲ್ಲ'. ಮೂವರೂ ತಮ್ಮ ತಮ್ಮ ಅಂಗವನ್ನಷ್ಟೇ ನೋಡಿ ಕೈ ತೊಳೆದುಕೊಂಡಿದ್ದರು. ಮೂರನ್ನೂ ಒಟ್ಟಿಗೆ ಇಟ್ಟು ನೋಡುವ ಅವಕಾಶ ಇದ್ದದ್ದು ರೆಕಾರ್ಡ್ ರೂಮಿಗೆ ಮಾತ್ರ.

ಮೂತ್ರದ ಫೈಲಿಗೆ ಕೋಡ್ ಕೊಟ್ಟ ಸಹಿ ಫೈಲಮ್ಮನದೇ.

ಅವಳು ನೆಲದ ಮೇಲೆ ಕೂತುಬಿಟ್ಟಳು. ಆ ದಿನ ನೆನಪಿರಲಿಲ್ಲ. ಕೋಡ್ ಹಾಕಿ, ಫೈಲು ಮುಚ್ಚಿ, ಟೀ ಕುಡಿಯಲು ಹೋಗಿದ್ದಿರಬೇಕು. ಪಕ್ಕದಲ್ಲಿ ಚೊಕ್ಕಿಯೂ ಇದ್ದಿರಬೇಕು. ಮೂವತ್ತಮೂರು ವರ್ಷ ಓದಿದ್ದೇನು ಬಂತು ಎಂದು ಅವಳಿಗೆ ಅಸಹ್ಯವಾಯಿತು.

ಎದ್ದು ಕಂಪ್ಯೂಟರಿನ ಮುಂದೆ ಕೂತಳು. ಅಂಕಿ ಎರಡನ್ನು ತೆಗೆದು ಸದ್ಯಕ್ಕೆ ನಾಲ್ಕು ಹಾಕೋಣ, ನಾಲ್ಕು ಗಂಟೆಯ ಡಿಸ್ಚಾರ್ಜ್ ಆದರೂ ನಿಲ್ಲುತ್ತದೆ ಎಂದುಕೊಂಡಳು. ಹಳೇ ಕೋಡ್ ಅಳಿಸುವ ಮುಂಚೆ ಕಂಪ್ಯೂಟರ್ ಎಂದಿನಂತೆ ಅದರ ಜಾತಕ ತೋರಿಸಿತು. ಯಾರು ಹಾಕಿದ್ದು, ಯಾವಾಗ ಹಾಕಿದ್ದು.

ಸೋಮವಾರ. ಹನ್ನೊಂದು ಗಂಟೆ ಐದು ನಿಮಿಷ.

ಫೈಲಮ್ಮ ಲ್ಯಾಬ್ ವರದಿ ತೆಗೆದಳು. ಔಷಧಿ ಯಾವುದೆಂದು ಹೇಳಿದ ವರದಿ ಬಂದದ್ದು ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ. ಎರಡನ್ನೂ ಅಕ್ಕಪಕ್ಕ ಇಟ್ಟು ಸಮಯ ಮತ್ತೊಮ್ಮೆ ಓದಿದಳು. ಆಮೇಲೆ ಮೇಜಿನ ಖಾನೆಯಿಂದ ಹಳದಿ ಚೀಟಿಯ ಕಟ್ಟು ತೆಗೆದಳು.

* * *

ಕೋಡ್ ಹಾಕುವವರು ತಮಗನ್ನಿಸಿದ್ದನ್ನು ಬರೆಯುವಂತಿಲ್ಲ. ಡಾಕ್ಟರು ಬರೆದದ್ದಕ್ಕೆ ಮಾತ್ರ ಕೋಡ್. ಅನುಮಾನ ಬಂದರೆ ಹಳದಿ ಚೀಟಿಯಲ್ಲಿ ಪ್ರಶ್ನೆ ಕಳಿಸಬೇಕು. ಆ ಪ್ರಶ್ನೆಯಲ್ಲಿ ಉತ್ತರ ಅಡಗಿರಕೂಡದು. ದಾಖಲೆಯಲ್ಲಿ ಇರುವುದನ್ನು ಸಮಯ ಸಮೇತ ಎತ್ತಿ ತೋರಿಸಿ, 'ದಯವಿಟ್ಟು ಕಾರಣ ತಿಳಿಸಿ' ಎಂದು ಕೇಳಬೇಕು. ಅಷ್ಟೇ.

ಫೈಲಮ್ಮ ಎರಡು ಚೀಟಿ ಬರೆದಳು. ಮೂತ್ರದ ಲೆಕ್ಕದ್ದನ್ನು ಸೋಮವಾರದ ಡ್ಯೂಟಿ ಡಾಕ್ಟರಿಗೆ ಕಳಿಸಿದಳು. ಸಬ್ ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದಳು.

ಮೂರು ಗಂಟೆಗೆ ಡಾಕ್ಟರ್ ಚೀಟಿ ಹಿಡಿದು ತಾನೇ ಇಳಿದು ಬಂದ. ಹುಡುಗನ ಮುಖ, ಮೂರು ದಿನದ ಗಡ್ಡ. ಸ್ಟೂಲಿನ ಮೇಲೆ ಕುಸಿದ.

"ಆ ಮೂತ್ರದ ಲೆಕ್ಕ ನನ್ನ ಕಣ್ಣಿಗೆ ಬಿದ್ದಿತ್ತು ಫೈಲಮ್ಮಾ. ಆ ಹೊತ್ತಿಗೆ ಹೃದಯ ನೋಡ್ಲೋ ಮೂತ್ರ ನೋಡ್ಲೋ? ಇಸಿಜಿಯ ಗೆರೆ ಅಗಲ ಆಗ್ತಾ ಹೋಗ್ತಿತ್ತು. ಯಾವ ವಿಷ ಅಂತ ಗೊತ್ತಿಲ್ಲ. ಹೃದಯದ ಮಾತ್ರೆಯಾ, ಇಲಿ ಪಾಷಾಣವಾ? ಗೆರೆ ನೋಡಿ ಊಹೆ ಮೇಲೆ ಸೋಡಿಯಂ ಬೈಕಾರ್ಬೊನೇಟ್ ಏರಿಸಿದೆ. ಎರಡು ಸಲ ಫಿಟ್ಸ್ ಬಂತು. ಮೂರೂ ಇಪ್ಪತ್ತಕ್ಕೆ ಲ್ಯಾಬಿನವರು ಹೆಸರು ಹೇಳೋವರೆಗೆ ಅವಳ ಮಂಚ ಬಿಟ್ಟು ಕದಲಲಿಲ್ಲ."

"ಅಲ್ಲಿಯವರೆಗೆ ಹೆಸರು ಯಾರಿಗೂ ಗೊತ್ತಿರಲಿಲ್ಲ?"

"ಹತ್ತು ಸಲ ಕೇಳಿದೆ ಅಕ್ಕನ್ನ. ಗೊತ್ತಿಲ್ಲ, ಗೊತ್ತಿಲ್ಲ ಅಂತ ಅತ್ತರು. ಬರೆದಿದ್ದೀನಲ್ಲ."

ಬರೆದಿದ್ದ. ಫೈಲಮ್ಮ ಅದನ್ನು ನಾಲ್ಕು ಸಲ ಓದಿದ್ದಳು.

ಸಬ್ ಇನ್ಸ್‌ಪೆಕ್ಟರ್ ಬಂದು ಕಪಾಟಿಗೆ ಒರಗಿ ನಿಂತ. ಅವನ ಹಿಂದೆಯೇ ಚೊಕ್ಕಿ ಬಂದಳು, ಕೈಯಲ್ಲಿ ತಂಗಿಯ ಬಟ್ಟೆಯ ಚೀಲ. ಎಲ್ಲರನ್ನೂ ನೋಡಿ ನಿಂತಳು.

"ಏನಾಯ್ತು? ಕಾಗದ ಇನ್ನೂ ಆಗಿಲ್ವಾ?"

ಫೈಲಮ್ಮ ಎರಡನೇ ಹಳದಿ ಚೀಟಿಯನ್ನು ಅವಳ ಮುಂದೆ ಇಟ್ಟಳು. ಚೊಕ್ಕಿ ಓದಿದಳು.

'ಸೋಮವಾರ 9.40: ಯಾವ ಔಷಧಿ ಎಂದು ಗೊತ್ತಿಲ್ಲ. ಹೇಳಿದವರು, ಅಕ್ಕ.
11.05: ಖಿನ್ನತೆಯ ಔಷಧಿಯ ವಿಷ, ತಾನಾಗಿ. ಕೋಡ್ ಹಾಕಿದವರು, ಅಕ್ಕ.
3.20: ಔಷಧಿಯ ಹೆಸರು ಲ್ಯಾಬಿನಿಂದ.
ಸಂಜೆ 5.00: ಖಾಲಿ ಪಟ್ಟಿ ಮನೆಯಲ್ಲಿ ಸಿಕ್ಕಿತು. ಹೇಳಿದವರು, ಅಕ್ಕ.
ದಯವಿಟ್ಟು ಕಾರಣ ತಿಳಿಸಿ.'

ಚೊಕ್ಕಿ ಚೀಟಿಯನ್ನು ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿ ಇಟ್ಟಳು. ಆ ಹೊತ್ತಿನಲ್ಲೂ.

"ಅರ್ಥ ಆಗ್ಲಿಲ್ಲ," ಎಂದ ಸಬ್ ಇನ್ಸ್‌ಪೆಕ್ಟರ್.

"ಹನ್ನೊಂದು ಗಂಟೆಗೆ ಈ ಕಟ್ಟಡದಲ್ಲಿ ಆ ಔಷಧಿಯ ಹೆಸರು ಒಬ್ಬರಿಗೂ ಗೊತ್ತಿರಲಿಲ್ಲ ಸ್ವಾಮಿ," ಎಂದಳು ಫೈಲಮ್ಮ. ದನಿ ಸಣ್ಣದಾಗಿತ್ತು. "ಡಾಕ್ಟರಿಗಿಲ್ಲ, ಲ್ಯಾಬಿಗಿಲ್ಲ. ಪಟ್ಟಿ ಇನ್ನೂ ಸಿಕ್ಕಿರಲಿಲ್ಲ. ಆಗ ಆ ಕೋಡ್ ಹಾಕೋಕೆ ಆಗೋದು, ಕಾಫಿಗೆ ಏನು ಬೆರೆಸಿದೆ ಅಂತ ಗೊತ್ತಿದ್ದವರಿಗೆ ಮಾತ್ರ. ಮನೆಯವರ ಫೈಲು ನಾವು ಮುಟ್ಟೋ ಹಾಗೇ ಇಲ್ಲ. ಇವಳು ಮುಟ್ಟಿದ್ಲು. ಎರಡು ತಿಂಗಳಿಂದ ಕಾಫಿಯಲ್ಲಿ ಸ್ವಲ್ಪ ಸ್ವಲ್ಪ. ಕಹಿಗೆ ಕಹಿ ಸೇರಿಹೋಗುತ್ತೆ, ನಾಲಿಗೆ ಜೋಮು ಮಾತ್ರ ಮುಚ್ಚೋಕೆ ಆಗಲ್ಲ. ಭಾನುವಾರ ಸಂಜೆ ಜಾಸ್ತಿ ಹಾಕಿದ್ಲು, ಅದು ರಾತ್ರಿಯೆಲ್ಲ ಮೂತ್ರ ಕಟ್ಟಿಸ್ತು. ಸೋಮವಾರ ಬೆಳಿಗ್ಗೆ ಮತ್ತೊಂದು ಲೋಟ. ಅದು ಹೃದಯಕ್ಕೆ ಹೋಯ್ತು."

ಚೊಕ್ಕಿ ತನ್ನ ಕುರ್ಚಿಯಲ್ಲಿ ಕೂತಳು. ಇಪ್ಪತ್ತೆರಡು ವರ್ಷ ಕೂತ ಕುರ್ಚಿ.

"ಕೈ ಅಭ್ಯಾಸ," ಎಂದಳು ಕೊನೆಗೆ. "ಮೇಲೆ ನಿಲ್ಲೋಕೆ ಆಗ್ಲಿಲ್ಲ, ಇಲ್ಲಿ ಬಂದು ಕೂತೆ. ಕಂಪ್ಯೂಟರಲ್ಲಿ ಅವಳ ಫೈಲು ತೆರೆದಿತ್ತು. 'ಔಷಧಿ ಗೊತ್ತಿಲ್ಲ' ಅಂತ ಅರ್ಧಕ್ಕೆ ನಿಂತಿತ್ತು. ಅದನ್ನ ನೋಡೋಕೆ ಆಗ್ಲಿಲ್ಲ ಫೈಲಮ್ಮಾ. ತುಂಬಿಬಿಟ್ಟೆ. ತುಂಬಿದ್ದೂ ಆಮೇಲೆ ನೆನಪಿರಲಿಲ್ಲ."

"ಯಾಕೆ ಚೊಕ್ಕೀ?"

"ಸಾಯಿಸೋಕಲ್ಲ. ನನ್ನಾಣೆ, ಸಾಯಿಸೋಕಲ್ಲ. ಹುಷಾರಿಲ್ಲದಿದ್ರೆ ಊರು ಬಿಡಲ್ಲ ಅಂದ್ಕೊಂಡೆ. ಹುಟ್ಟಿದ ದಿನದಿಂದ ಆ ಮಗೂನ ಎತ್ತಿ ಆಡಿಸಿದ್ದು ನಾನು. ಹಲ್ಲು ಬಂದಿದ್ದು, ಜ್ವರ ಬಂದಿದ್ದು ಎಲ್ಲಾ ನನ್ನ ತೊಡೆ ಮೇಲೆ. ದೊಡ್ಡಮ್ಮಾ ಅಂತ ಕರೆಯೋ ಒಂದು ದನಿ ಇಲ್ಲದಿದ್ರೆ ಆ ಮನೇಲಿ ನನಗೇನಿದೆ? ಭಾನುವಾರ ಅವಳು ಟಿಕೆಟ್ ತೋರಿಸಿದ್ಲು. ನನಗೆ ತಲೆ ಕೆಟ್ಟುಹೋಯ್ತು."

ಡಾಕ್ಟರ್ ಸ್ಟೂಲಿನಿಂದ ಎದ್ದ. ಅವನ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು.

"ಅವಳಿಗೆ ಫಿಟ್ಸ್ ಬರ್ತಿತ್ತು. ನಾನು ಹೆಸರು ಕೇಳ್ತಿದ್ದೆ. ನಿಮಗೆ ಗೊತ್ತಿತ್ತು. ಕೆಳಗೆ ಬಂದು ಕಂಪ್ಯೂಟರಿಗೆ ಹೇಳಿದ್ರಿ, ನನಗೆ ಹೇಳಲಿಲ್ಲ."

ಚೊಕ್ಕಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಫೈಲಮ್ಮನಿಗೆ ಎದ್ದು ಹೋಗಿ ಅವಳ ಬೆನ್ನು ಸವರಬೇಕು ಎನಿಸಿತು. ಹೋಗಿ ಕೆನ್ನೆಗೆ ಬಾರಿಸಬೇಕು ಎಂದೂ ಎನಿಸಿತು. ಎರಡನ್ನೂ ಮಾಡದೆ ಕೂತಿದ್ದಳು.

ಸಬ್ ಇನ್ಸ್‌ಪೆಕ್ಟರ್ ಬಾಗಿಲು ತೆರೆದು ನಿಂತ. ಹೊಸ್ತಿಲಲ್ಲಿ ಚೊಕ್ಕಿ ತಿರುಗಿದಳು.

"ನಾಲ್ಕಕ್ಕೆ ಸ್ಕೂಲ್ ಬಿಡುತ್ತೆ. ನಾನು ಬರೋವರೆಗೆ ಗೇಟಿನ ಹತ್ರಾನೇ ನಿಂತಿರ್ತಾಳೆ. ಯಾರಾದ್ರೂ ಹೋಗಿ."

* * *

ಬೆಳಗಿನ ಪಾಳಿ ಮುಗಿಸಿದ ಹೆಡ್ ನರ್ಸ್ ಸ್ಕೂಲಿಗೆ ಹೋದಳು. ಫೈಲಮ್ಮ ಫೋನ್ ಮಾಡಿ, ಅವಳು ಬರುವವರೆಗೆ ಮಗುವನ್ನು ಒಳಗೇ ಕೂರಿಸಿಕೊಳ್ಳಿ ಎಂದು ಟೀಚರಿಗೆ ಹೇಳಿದಳು.

ಡಾಕ್ಟರ್ ಹಳದಿ ಚೀಟಿಗೆ ಉತ್ತರ ಬರೆದು ಸಹಿ ಹಾಕಿ ಹೋಗಿದ್ದ. 'ಔಷಧಿ ಹಿಂದಿನ ಸಂಜೆಯಿಂದಲೇ ದೇಹದಲ್ಲಿತ್ತು. ಬೇರೆಯವರ ಕೈಯಿಂದ.' ಫೈಲಮ್ಮ ಎರಡನ್ನು ಅಳಿಸಿ ಮೂರು ಮಾಡಿದಳು. ಅದರ ಜೊತೆಗೆ ಇನ್ನೊಂದು ಕೋಡ್ ಬೇಕಿತ್ತು, ಆ ಬೇರೆಯವರು ರೋಗಿಗೆ ಏನಾಗಬೇಕು ಎನ್ನುವುದಕ್ಕೆ. ಅವಳು ಯಾವತ್ತೂ ತೆಗೆಯದ ಪುಟ. ಗಂಡ, ಹೆಂಡತಿ, ಮಲತಂದೆ, ಪರಿಚಿತ ಎಲ್ಲ ಇತ್ತು. ಒಡಹುಟ್ಟಿದವಳಿಗೂ ಒಂದು ಸಂಖ್ಯೆ ಇತ್ತು. ಯಾವ ಮಹರಾಯರು ಕೂತು ಇದನ್ನೆಲ್ಲ ಯೋಚಿಸಿದರೋ ಎಂದು ಬೈದುಕೊಂಡೇ ಟೈಪ್ ಮಾಡಿದಳು.

ಆಮೇಲೆ ಮತ್ತೆ ಮೂರು ಮಹಡಿ ಹತ್ತಿದಳು.

ರೋಗಿ ತಲೆ ಬಾಚಿಕೊಂಡು ಚಪ್ಪಲಿ ಹಾಕಿಕೊಂಡು ಮಂಚದ ಅಂಚಿನಲ್ಲಿ ಕೂತಿದ್ದಳು. ಫೈಲಮ್ಮನ ಮುಖ ನೋಡಿದ ಕೂಡಲೇ ಎದ್ದಳು.

"ಏನಂತ ಬರೆದ್ರು?"

"ನೀನು ತಗೊಂಡಿಲ್ಲ ಅಂತ. ಡಾಕ್ಟರೇ ಸಹಿ ಹಾಕಿದ್ದಾರೆ."

ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಕಣ್ಣಿಂದ ನೀರು ಇಳಿಯಿತು. ನಾಲ್ಕು ದಿನದಲ್ಲಿ ಮೊದಲ ಸಲ ಅವಳು ನಗುತ್ತಿದ್ದಳು.

"ಅಕ್ಕನಿಗೆ ಹೇಳಿದ್ರಾ? ಮೊದಲು ಅವಳಿಗೆ ಹೇಳಿ. ಪಾಪ, ನಾನೇ ನುಂಗಿದೀನಿ ಅಂತ ನಾಲ್ಕು ದಿನದಿಂದ ಅಳ್ತಾನೇ ಇದ್ದಾಳೆ."

ಫೈಲಮ್ಮ ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತಳು. ಮಂಡಿ ನೋಯುತ್ತಿತ್ತು.

"ಕೂತ್ಕೋಮ್ಮಾ," ಎಂದಳು.